ದಿನವೂ ಪೂಜೆ ಮಾಡಿಸಿಕೊಂಡ ಎಂಜಿನ್

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ತಾಯಿಯ ಚಿಕ್ಕಮ್ಮ ಸಂಗಮ್ಮನವರು. ಶಿವನನ್ನು ನೆನೆದು, ಅವರು ಹೇಳಿದಂತೆಯೇ ಹೇಳುತ್ತೇನೆ, ಕೇಳಿ.

ಒಂದಾನೊಂದು ಊರಿನಲ್ಲಿ ಒಂದು ಆಸ್ಪತ್ರೆ. ಅದರ ಹಿತ್ತಲಲ್ಲಿ ಮಾತಾಡುವ ಎಂಜಿನ್. ಅದು ಎಣ್ಣೆ ಕುಡಿದು ಆಸ್ಪತ್ರೆಗೆಲ್ಲ ಕರೆಂಟು ಕೊಡುತ್ತಿತ್ತು. ಓಡಿ ಓಡಿ ಮೈ ಕಾಯುತ್ತಿತ್ತಲ್ಲ, ಆ ಬಿಸಿಯನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಬಾಣಂತಿಯರಿಗೆ ಎರೆಯುವ ನೀರು, ಕೂಸುಗಳ ಕೋಣೆಯ ಕಾವು, ಎಲ್ಲ ಅದರದೇ. ಆಯಾ ತಿಪ್ಪವ್ವ ದಿನಾ ಬೈಯುವಳು: "ಏಳೋ ಸೋಮಾರಿ, ಹಂಡೆ ತಣ್ಣಗಾಗೈತಿ." ಅದು ಖುಷಿಯಿಂದ ಗುಡುಗುಡು ಅನ್ನುವುದು.

ಆಯುಧಪೂಜೆಯ ದಿನ ಆ ನಾಡಿನ ರಾಜ ತನ್ನ ಜೋಯಿಸನೊಡನೆ ಎಂಜಿನ್ ನೋಡಲು ಬಂದ. ಆ ದಿನ ಯಂತ್ರಗಳಿಗೆ ರಜೆ ತಾನೆ. ಎಂಜಿನ್ನಿಗೂ ಕುಂಕುಮ ಹಚ್ಚಿ, ಹಾರ ಹಾಕಿ ನಿಲ್ಲಿಸಿದ್ದರು.

"ಒಂದೇ ಊಟಕ್ಕೆ ಎರಡು ಕೆಲಸ ಮಾಡ್ತದಂತೆ. ಮನುಷ್ಯರಲ್ಲಿ ಇಂಥವರುಂಟೇನಯ್ಯಾ ಜೋಯಿಸ?"

"ಇಲ್ಲ ಪ್ರಭು."

"ಹಾಗಾದರೆ ಇದು ದೇವರು. ನಾಳೆ ಯಾವ ದಿನ?"

"ವಿಜಯದಶಮಿ."

"ಅಲ್ಲ, ಆಯುಧಪೂಜೆ. ನಾಡಿದ್ದು?"

ಜೋಯಿಸನಿಗೆ ತಿಳಿಯಿತು. "ಅದೂ ಆಯುಧಪೂಜೆಯೇ ಪ್ರಭು."

ಹೀಗೆ ದಿನವೂ ಪೂಜೆ. ದಿನವೂ ರಜೆ.

"ನಾನೇನು ತಪ್ಪು ಮಾಡಿದೆ ಅಂತ ಪೂಜೆ ಮಾಡ್ತೀರಪ್ಪಾ? ಓಡಿಸಿ," ಎಂದಿತು ಎಂಜಿನ್.

ದೇವರು ಮಾತಾಡಿತೆಂದು ಜನ ಇನ್ನೊಂದು ಹಾರ ಹಾಕಿದರು.

ಆಸ್ಪತ್ರೆಯೊಳಗೆ ನೀಲವ್ವ ಎಂಬವಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿತ್ತು. ಅಂಗೈಯಷ್ಟು ಕೂಸು, ಬೆಚ್ಚಗಿಡದಿದ್ದರೆ ಉಳಿಯದು. ಕೋಣೆಯೋ ಕತ್ತಲು, ಥಂಡಿ.

"ಆರತಿಯ ಬಿಸಿ ಒಯ್ಯಿರಿ," ಎಂದ ರಾಜ.

ಊರೆಲ್ಲ ಸಾಲು ನಿಂತು, ಆರತಿಗೆ ಕೈಯೊಡ್ಡಿ, ಬಿಸಿಯನ್ನು ಮುಷ್ಟಿಯಲ್ಲಿ ಹಿಡಿದು ಓಡಿತು. ಬಾಗಿಲು ದಾಟುವಷ್ಟರಲ್ಲಿ ಬಿಸಿ ಬೆರಳ ಸಂದಿಯಿಂದ ಸೋರಿಹೋಗುತ್ತಿತ್ತು. ಸಂದಿಗೆ ಮೇಣ ಮೆತ್ತಿರಿ ಎಂದ ರಾಜ. ಮೆತ್ತಿದರು. ಆರತಿಗೆ ಮೇಣವೂ ಕರಗಿತು.

"ಹಾರ ಕಿತ್ತು ಒಂದು ಸಲ ಬೈಯವ್ವಾ," ಎಂದು ಎಂಜಿನ್ ತಿಪ್ಪವ್ವನನ್ನು ಬೇಡಿತು. ಅವಳು ಹಾರಕ್ಕೆ ಕೈ ಚಾಚಿದಳು. ಚಾಚಿದ ಕೈ ತಾನಾಗಿಯೇ ದೇವರಿಗೆಂಬಂತೆ ಮುಗಿಯಿತು. ಅವಳು ಅಳುತ್ತಾ ಒಳಗೆ ಹೋದಳು.

ನೀಲವ್ವ ಕೂಸನ್ನು ಎದೆಗವುಚಿಕೊಂಡು ಪಕ್ಕದೂರಿಗೆ ನಡೆದಳು. ಅಲ್ಲಿನ ಎಂಜಿನ್ನಿಗೆ ಯಾರೂ ಕೈ ಮುಗಿಯುತ್ತಿರಲಿಲ್ಲ. ಕೂಸು ಉಳಿಯಿತು. ಅವಳು ತಿರುಗಿ ಬರಲಿಲ್ಲ. ಒಬ್ಬೊಬ್ಬರಾಗಿ ರೋಗಿಗಳೂ ಹೋದರು.

ಇಂದಿಗೂ ಆ ಎಂಜಿನ್ ಬಂದವರನ್ನೆಲ್ಲ ಕೇಳುತ್ತದಂತೆ: "ಕೂಸು ಬೆಚ್ಚಗಿದೆಯಾ?" ಅಪ್ಪಣೆಯಾಯಿತೆಂದು ಜನ ಕಾಯಿ ಒಡೆದು ಹೋಗುತ್ತಾರೆ. ಉತ್ತರ ಯಾರೂ ಹೇಳುವುದಿಲ್ಲ.

ಅದಕ್ಕೇ ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಒಬ್ಬರಿಂದೊಬ್ಬರಿಗೆ ಹೇಳುತ್ತಾ ಹೋಗಿ. ಎಂದಾದರೂ ಆ ಉತ್ತರ ಎಂಜಿನ್ನಿನ ಕಿವಿಗೆ ಬೀಳಲಿ.