ಬೆಕ್ಕು ಹೇಳಿದ ಸಾಕ್ಷಿ

ಮಂಗಳೂರಿನಲ್ಲಿ ಆಟಿ ತಿಂಗಳ ಮಳೆ ಹಿಡಿದರೆ ಬಟ್ಟೆ ಒಣಗುವ ಮಾತೇ ಇಲ್ಲ. ಅದಕ್ಕೆ ರಘುರಾಮ ಆಳ್ವರು ಮಲಗುವ ಕೋಣೆಯಲ್ಲಿ, ಎಸಿಯ ಕೆಳಗೇ ಹಗ್ಗ ಕಟ್ಟಿ ತಾವು ಮೈ ಒರೆಸಿಕೊಂಡ ಒದ್ದೆ ಬೈರಾಸು ನೇತುಹಾಕುತ್ತಿದ್ದರು. ಬರಬರುತ್ತಾ ಎಸಿ ಹಾಕಿದರೆ ಸಾಕು, ಕೋಣೆಯೆಲ್ಲ ನಾತ.

ಒಂದು ಬೆಳಿಗ್ಗೆ ಅಡುಗೆಯ ವಾರಿಜಕ್ಕನನ್ನು ಕರೆದು ಗದರಿದರು. “ಇದು ನಿನ್ನ ಒಣಮೀನಿನ ವಾಸನೆ. ಇನ್ನೊಮ್ಮೆ ಈ ಮನೆಯಲ್ಲಿ ಮೀನು ಸುಟ್ಟರೆ ನೀನು ಕೆಲಸಕ್ಕೆ ಬರುವುದೇ ಬೇಡ.”

ವಾರಿಜಕ್ಕನಿಗೆ ಕೆಲಸವೂ ಬೇಕು, ಗಂಜಿ ಗಂಟಲಲ್ಲಿ ಇಳಿಯಲು ಒಂದು ತುಂಡು ಒಣಮೀನೂ ಬೇಕು. ಬೈರಾಸಿನ ಮೇಲೆ ಅವಳಿಗೆ ಮೊದಲೇ ಸಂಶಯ. ಆದರೆ ಧಣಿಯ ತಪ್ಪನ್ನು ಧಣಿಯ ಮುಖಕ್ಕೇ ಹೇಳುವುದುಂಟೇ?

“ಆಯ್ತು ಧಣಿ. ಮೀನಿನ ವಿಷಯ ಬಲ್ಲವರನ್ನೇ ಒಮ್ಮೆ ಕೇಳುವ,” ಎಂದು ಅಡುಗೆಮನೆಯ ಬೆಕ್ಕನ್ನು ಎತ್ತಿ ತಂದು ಎಸಿಯ ಕೆಳಗೆ ಬಿಟ್ಟಳು.

ಬೆಕ್ಕು ಮೇಲೆ ನೋಡಿತು. ಜೋತಾಡುತ್ತಿದ್ದ ಬೈರಾಸಿನ ತುದಿಯನ್ನು ಮೂಸಿತು. ಸೀನಿ, ಬಾಲ ಎತ್ತಿಕೊಂಡು ಹೊರಗೆ ನಡೆಯಿತು.

“ಮೀನು ಇದ್ದಲ್ಲಿಂದ ಬೆಕ್ಕು ಎದ್ದು ಹೋಗುವುದುಂಟೇ, ಧಣಿ?”

ಆಳ್ವರು ಬೈರಾಸನ್ನು ತಾವೇ ಮೂಸಿ ಮುಖ ಕಿವುಚಿದರು. ಹಗ್ಗ ಬಿಚ್ಚಿದರು. ಸ್ಟೂಲ್ ಹತ್ತಿ ಎಸಿಯ ಫಿಲ್ಟರ್ ತೆಗೆದರೆ ಅದಕ್ಕೆಲ್ಲ ಬೂಷ್ಟು. ಅದನ್ನು ತಿಕ್ಕಿ ತೊಳೆದು ಫ್ಯಾನಿನಡಿ ಒಣಗಿಸಿ ಹಾಕಿದ ಮೇಲೆ ಕೋಣೆ ಕೋಣೆಯಂತಾಯಿತು.

ಮಧ್ಯಾಹ್ನ ವಾರಿಜಕ್ಕ ಬಾಗಿಲಲ್ಲಿ ನಿಂತು ಕೇಳಿದಳು. “ಸಾಕ್ಷಿ ಹೇಳಿದ ಬೆಕ್ಕಿಗೆ ಒಂದು ಮೀನು ಸುಡಲೇ, ಧಣಿ?”

ಆಳ್ವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಸುಡು. ಹೇಗೂ ಒಲೆ ಹಚ್ಚುತ್ತೀಯಲ್ಲ, ನಿನಗೂ ನನಗೂ ಒಂದೊಂದು ಹಾಕು.”