ತಳವಿಲ್ಲದ ಅಳತೆ

"ಕೇಳಿರಪ್ಪೋ ಕೇಳಿ! ಹೆಬ್ಬಂಡೆಯ ಅರಸು ಸಿಂಗಭೂಪರ ಅಪ್ಪಣೆ! ಅವರ ಮೂರು ಒಗಟು ಒಡೆದವರಿಗೆ ಬಾಯಿಬಿಟ್ಟು ಕೇಳಿದ್ದು ಸಿಗುತ್ತದೆ. ತಪ್ಪು ಹೇಳಿದವರಿಗೆ ತಲೆ ಉಳಿಯುವುದಿಲ್ಲ!"

ಡಂಗುರದವನು ಸಾರಿಕೊಂಡು ಹೋದಾಗ ಕೆರೆ ತೋಡುವವರ ಹಟ್ಟಿಯಲ್ಲಿ ಮಾರಕ್ಕ ಮಗ ಕಾಟನ ಕೈ ಹಿಡಿದಳು. "ನೀನು ಮಾತ್ರ ಹೋಗಬೇಡ, ಮಗಾ. ಆ ಅರಮನೆಗೆ ಒಬ್ಬನನ್ನು ಕೊಟ್ಟಾಗಿದೆ."

ಕೊಟ್ಟಿದ್ದು ದೊಡ್ಡ ಮಗ ಗಾದ್ರಿಯನ್ನು. ಅರಮನೆಯ ಮುಂದೆಯೇ ಕೆರೆ ಬೇಕೆಂದು ಅರಸ ಹಟ ಹಿಡಿದಾಗ ನೆಲ ನೋಡಲು ಅವನನ್ನು ಕರೆಸಿದ್ದರು. ಅವನು ಅಳೆದು ನೋಡಿ, "ಬುದ್ಧಿ, ಇದು ಗರಸು ನೆಲ. ನೀರು ನಿಲ್ಲುವುದಿಲ್ಲ, ಇಂಗಿಹೋಗುತ್ತದೆ" ಎಂದ. ತಾನು ಅಳೆದ ಬಗೆಯನ್ನೂ ಸಭೆಗೆ ಬಿಡಿಸಿ ಹೇಳಿದ. ಶುಭಕಾರ್ಯಕ್ಕೆ ಅಪಶಕುನ ನುಡಿದನೆಂದು ಅರಸ ಅವನ ತಲೆ ತೆಗೆಸಿದ. ಊರಿನ ಹಳ್ಳವನ್ನೂ ತಿರುಗಿಸಿ ಅಲ್ಲೇ ಕೆರೆ ಕಟ್ಟಿಸಿದ. ಮಳೆಗೆ ತುಂಬಿದ ಕೆರೆ ದೀಪಾವಳಿಯ ಹೊತ್ತಿಗೆ ಬರಿದಾಯಿತು. ಜನಕ್ಕೆ ಕುಡಿಯುವ ನೀರಿಗೂ ತತ್ವಾರವಾಯಿತು.

ಈಗ ಅರಸನಿಗೆ ನೆಲ ಅಳೆಯುವ ಆ ವಿದ್ಯೆ ಬಲ್ಲವನು ಬೇಕಾಗಿದ್ದ. ತಾನೇ ಕೊಲ್ಲಿಸಿದ ಗಾದ್ರಿಯ ಮನೆಯವರನ್ನು ಕರೆದು ಕೇಳಲು ಮುಖವಿರಲಿಲ್ಲ. ಹಾಗಾಗಿ ಅವನು ಸಭೆಯಲ್ಲಿ ಆಡಿದ ಮಾತುಗಳನ್ನೇ ಒಗಟು ಮಾಡಿದ್ದ.

ಮೊದಲು ಬಂದವನು ಜವಳಿ ಸೆಟ್ಟಿಯ ಮಗ. "ಸೇರಿಗೂ ತಳವುಂಟು, ಕೊಳಗಕ್ಕೂ ತಳವುಂಟು. ತಳವಿಲ್ಲದ ಅಳತೆ ಯಾವುದು?" ಎಂದು ಅರಸ ಕೇಳಿದ.

"ಪ್ರಭುಗಳ ಔದಾರ್ಯ!"

ಸಭೆ ಭಲೇ ಎಂದಿತು. ಅರಸನೂ ನಕ್ಕ. ನಗುತ್ತಲೇ ಕೈಸನ್ನೆ ಮಾಡಿದ, ಹುಡುಗನನ್ನು ಎಳೆದೊಯ್ದರು.

ಮುಂದೆ ಬಂದ ಕುದುರೆ ದಳದ ಸರದಾರನಿಗೆ ಅರಸ ಬೇರೆ ಒಗಟು ಹಾಕಿದ: "ಮೊದಲು ಗಟಗಟ ಕುಡಿಯುತ್ತಾನೆ, ಆಮೇಲೆ ಗುಟುಕು ಗುಟುಕಾಗಿ. ಅವನು ಯಾರು? ಅವನ ನಿಜಗುಣ ತಿಳಿಯುವುದು ಯಾವಾಗ?"

"ಹೆಂಡಗುಡುಕ. ಅಮಲು ಇಳಿದಾಗ."

ಅವನ ತಲೆಯೂ ಹೋಯಿತು.

ಮನಸ್ಸು ತಡೆಯದೆ ಬಂದು ಗುಂಪಿನಲ್ಲಿ ನಿಂತಿದ್ದ ಕಾಟನಿಗೆ ಗುರುತು ಸಿಕ್ಕಿತು. ಅಣ್ಣ ತನಗೆ ಕೆಲಸ ಕಲಿಸುವಾಗ ಆಡುತ್ತಿದ್ದ ಮಾತುಗಳವು. ತಾನು ಸುಮ್ಮನಿದ್ದರೆ ಅದೇ ಮಾತಿಗೆ ಇನ್ನೂ ತಲೆಗಳು ಉರುಳುತ್ತವೆ. ಅವನು ಮುಂದೆ ಬಂದ.

"ಯಾರು ನೀನು?"

"ಮಣ್ಣು ಹೊರುವವನು, ಬುದ್ಧಿ. ಆ ಎರಡಕ್ಕೂ ಉತ್ತರ ಹೇಳುತ್ತೇನೆ. ತಳವಿಲ್ಲದ ಅಳತೆ ಅಂದರೆ ತಳ ಒಡೆದ ಮಡಕೆ. ಅದನ್ನು ಊರಿ ನೀರು ತುಂಬಿದರೆ ನೆಲವೇ ತಳ. ಎಷ್ಟು ಇಳಿಯಿತೋ ಅಷ್ಟನ್ನು ನೆಲ ಕುಡಿಯಿತು. ಆ ಕುಡಿಯುವವನೇ ಒಣಮಣ್ಣು. ಬಾಯಾರಿದ ಮಣ್ಣು ಯಾವುದಾದರೂ ಮೊದಲು ಗಟಗಟ ಕುಡಿಯುತ್ತದೆ, ಅದನ್ನು ನಂಬಬಾರದು. ದಾಹ ತೀರಿದ ಮೇಲೆ ಒಂದೇ ಸಮನೆ ಎಷ್ಟು ಇಳಿಸುತ್ತದೆ ಅಂತ ಕಾದು ನೋಡಬೇಕು. ಅದೇ ಅದರ ನಿಜಗುಣ."

ಮೂರನೆಯದನ್ನು ಕೇಳುವಾಗ ಅರಸನ ದನಿ ತಗ್ಗಿತ್ತು. "ಮನೆಯೊಳಗೊಂದು ಮನೆ. ಇಬ್ಬರಿಗೂ ಕುಡಿಸಬೇಕು, ಲೆಕ್ಕ ಮಾತ್ರ ಒಳಗಿನವನದು. ಯಾಕೆ?"

"ತಳ ಒಡೆದ ದೊಡ್ಡ ಮಡಕೆಯ ನಡುವೆ ಅಂಥದೇ ಚಿಕ್ಕದನ್ನು ಊರುತ್ತೇವೆ. ಒಂದೇ ಆದರೆ ನೀರು ಪಕ್ಕಕ್ಕೂ ಜಾರಿ ಅಳತೆ ಸುಳ್ಳಾಗುತ್ತದೆ. ಹೊರಗಿನ ನೀರು ಸುತ್ತಲಿನ ಮಣ್ಣನ್ನು ನೆನೆಸಿದರೆ ಒಳಗಿನದು ನೆಟ್ಟಗೆ ಕೆಳಗಿಳಿಯುತ್ತದೆ. ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಇದನ್ನು ಕಲಿಸಿದವನು ಗಾದ್ರಿ. ನನ್ನ ಅಣ್ಣ."

ಸಭೆ ಅರಸನತ್ತ ತಿರುಗಿತು.

"ಏನು ಬೇಕು, ಕೇಳು," ಎಂದ ಅರಸ.

"ನನ್ನಣ್ಣ ಹೇಳಿದ್ದು ನಿಜ ಅಂತ ಇವರೆಲ್ಲರ ಮುಂದೆ ನಿಮ್ಮ ಬಾಯಲ್ಲಿ ಹೇಳಿ. ಅಷ್ಟು ಸಾಕು."

ಅರಸ ಮುಖ ತಿರುಗಿಸಿದ. "ಅರ್ಧ ರಾಜ್ಯ ತಗೋ."

"ಬೇಡ, ಬುದ್ಧಿ."

"ಹಾಗಾದರೆ ನಿನಗೆ ಬೇಕಾದ್ದು ನನ್ನಲ್ಲಿಲ್ಲ."

ತನ್ನ ಜರಿಶಾಲನ್ನು ಕಾಟನಿಗೆ ಹೊದಿಸಿ, ಇನ್ನು ಕೆರೆಗೆ ನೆಲ ನೋಡುವ ಅಧಿಕಾರ ಇವನದೆಂದು ಸಾರಿ, ಅರಸ ಎದ್ದು ಒಳಗೆ ಹೋದ.

ಮನೆಯಲ್ಲಿ ಮಾರಕ್ಕ ಆ ಶಾಲನ್ನು ಮುಟ್ಟಿ ನೋಡಿದಳು. "ನಿನ್ನಣ್ಣನಿಗೂ ಮೊದಲು ಶಾಲೇ ಹೊದಿಸಿದ್ದರು."

"ಜನಕ್ಕೆ ನೀರಿಲ್ಲ, ಅವ್ವ."

"ಗೊತ್ತು. ಹೋಗು."

ಕಾಟ ಊರಿನ ಮೂಡಲಿಗೆ ಜೇಡಿ ನೆಲ ಹುಡುಕಿ, ಮಡಕೆ ಊರಿ, ಕಾದು ಅಳೆದ. ಅಲ್ಲಿ ಕಟ್ಟಿದ ಕೆರೆಯಲ್ಲಿ ಬೇಸಿಗೆಗೂ ನೀರು ನಿಂತಿತು. ತೂಬಿನ ಕಲ್ಲಿನ ಮೇಲೆ ಸಿಂಗಭೂಪನ ಹೆಸರು ಕೆತ್ತಿಸಿದರು. ಹೆಂಗಸರು ಕೊಡ ತುಂಬಿಕೊಂಡು ಅರಸನನ್ನು ಹರಸುತ್ತಾ ಬರುವಾಗ, ಮಾರಕ್ಕ ಖಾಲಿ ಕೊಡ ಹಿಡಿದು ಅವರೆದುರೇ ಹಾದು ದೂರದ ಹೊಳೆಗೆ ನಡೆಯುತ್ತಿದ್ದಳು.