ಅಂಚೆಯಲ್ಲಿ ಬಾರದ ನಡೆ

ಶಿಷ್ಯ ನಿಜಗುಣ ಕೇಳಿದ: “ಗುರುಗಳೇ, ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು. ರಾಜಿಯಾಗೋಣ ಎಂದು ಪತ್ರ ಬರೆದು ತಿಂಗಳಾಯಿತು, ಉತ್ತರ ಬಂದಿಲ್ಲ. ಅವನು ಒಲ್ಲೆ ಅಂತಾನೆ, ನನಗೆ ಗೊತ್ತು. ಅವನ ಸ್ವಭಾವ ನಾನು ಬಲ್ಲೆ. ಇನ್ನೂ ಕಾಯಬೇಕೆ?”

ಗುರುಗಳು ಹೇಳಿದರು:

ಒಬ್ಬ ವಕೀಲ, ಒಬ್ಬ ದರ್ಜಿ. ಇಬ್ಬರೂ ಅಂಚೆಯ ಮೂಲಕ ಚದುರಂಗ ಆಡುತ್ತಿದ್ದರು. ಒಬ್ಬರ ಮುಖವನ್ನು ಒಬ್ಬರು ಕಂಡವರಲ್ಲ. ಒಂದು ಕಾರ್ಡಿಗೆ ಒಂದು ನಡೆ. ಡಬ್ಬಿಗೆ ಹಾಕಿದ ಮೇಲೆ ನಡೆಯನ್ನು ಬದಲಿಸುವಂತಿಲ್ಲ. ಆಟಗಾರರ ಪಟ್ಟಿಯಲ್ಲಿ ವಕೀಲ ಎರಡನೆಯವನು, ದರ್ಜಿಯ ಹೆಸರು ಎಲ್ಲೋ ತಳದಲ್ಲಿ. ಈ ಆಟ ಗೆದ್ದರೆ ವಕೀಲನಿಗೆ ಮೊದಲ ಸ್ಥಾನ. ಹದಿನಾಲ್ಕು ವರ್ಷದಿಂದ ಅವನು ಅದಕ್ಕಾಗಿ ಹಂಬಲಿಸುತ್ತಿದ್ದ.

ದರ್ಜಿ ಮಂದ. ಕಾರ್ಡು ಬಂದಾಗಲೆಲ್ಲ ಮೊದಲ ಕಾರ್ಡಿನಿಂದ ಓದಿಕೊಂಡು ಮಣೆಯ ಮೇಲೆ ಇಡೀ ಆಟವನ್ನು ಮತ್ತೆ ಹೂಡುತ್ತಿದ್ದ. ಬರೆದು ಕಳಿಸಿ, ಕಾಯಿಗಳನ್ನು ಎತ್ತಿಟ್ಟು ಹೊಲಿಗೆಗೆ ಕೂರುತ್ತಿದ್ದ.

ವಕೀಲನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅವನ ಮಣೆ ಸದಾ ಮೇಜಿನ ಮೇಲೆ. ಕಾರ್ಡು ಬರಲು ಒಂದು ವಾರ. ಅಷ್ಟು ದಿನವೂ ಚಡಪಡಿಕೆ. ಅಂಚೆಯವನ ಸೈಕಲ್ ಮನೆ ದಾಟಿ ಹೋದರೆ ಊಟ ಸೇರುತ್ತಿರಲಿಲ್ಲ. ‘ಕುದುರೆಗೆ ಅಪಾಯವಿದೆ, ದರ್ಜಿ ಅದನ್ನು ಹಿಂದಕ್ಕೆ ತೆಗೆಯುತ್ತಾನೆ, ಬೇರೇನು ಮಾಡಿಯಾನು’ ಎಂದು ತಾನೇ ದರ್ಜಿಯ ಕುದುರೆಯನ್ನು ಹಿಂದಕ್ಕಿಟ್ಟ. ಅದಕ್ಕೆ ತನ್ನ ಉತ್ತರವನ್ನೂ ಆಡಿ ನೋಡಿದ. ಮತ್ತೆ ಹಿಂದಿನಂತೆ ಜೋಡಿಸಿದ. ಹೀಗೆ ದಿನಕ್ಕೆ ಹತ್ತು ಸಲ.

ಕಾರ್ಡು ಬಂತು. ದರ್ಜಿ ಕುದುರೆಯನ್ನು ಮುಟ್ಟಿರಲೇ ಇಲ್ಲ, ಮೂಲೆಯ ಕಾಲಾಳನ್ನು ಒಂದು ಮನೆ ನಡೆಸಿದ್ದ. ವಕೀಲ ನಕ್ಕ. ಮಣೆ ನೋಡಿದ, ಮಂತ್ರಿಯನ್ನು ಮುಂದಕ್ಕೆ ನುಗ್ಗಿಸಿ ಅಂದೇ ಕಾರ್ಡು ಹಾಕಿದ.

ಉತ್ತರ ಬಂತು: “ನನ್ನ ಕುದುರೆ ನಿಮ್ಮ ಮಂತ್ರಿಯನ್ನು ಹೊಡೆಯಿತು.”

ವಕೀಲ ಕೆಂಡಾಮಂಡಲವಾದ. “ನಿಮ್ಮ ಕುದುರೆ ಅಲ್ಲಿಲ್ಲ. ಅದು ಆಗಲೇ ಹಿಂದಕ್ಕೆ ಹೋಗಿದೆ” ಎಂದು ಬರೆದ.

ದರ್ಜಿ ಬರೆದ: “ಸ್ವಾಮಿ, ಹಾಗೆಂದು ನಾನು ಬರೆದ ಕಾರ್ಡು ಯಾವುದು, ದಯವಿಟ್ಟು ತಿಳಿಸಿ.”

ವಕೀಲ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿ ಹುಡುಕಿದ. ಎರಡು ಸಲ ಹುಡುಕಿದ. ಅಂಥ ಕಾರ್ಡು ಇರಲಿಲ್ಲ. ಕುದುರೆಯನ್ನು ಹಿಂದಕ್ಕಿಟ್ಟದ್ದು ಅವನದೇ ಕೈ, ಕೊನೆಯ ಸಲ ಅದನ್ನು ಮತ್ತೆ ಜೋಡಿಸಲು ಮರೆತಿದ್ದ. ಆಟ ಹೋಯಿತು, ಮೊದಲ ಸ್ಥಾನವೂ ಹೋಯಿತು.

ನಿಜಗುಣ ಹೇಳಿದ: “ವಕೀಲ ದುಡುಕಿದ, ಗುರುಗಳೇ. ಆದರೆ ಅವನಿಗೆ ದರ್ಜಿ ಅಪರಿಚಿತ. ನನ್ನ ಅಣ್ಣ ನನಗೆ ಹಾಗಲ್ಲವಲ್ಲ.”

ಗುರುಗಳು ಕೇಳಿದರು: “ಸರಿ, ನಿನ್ನಣ್ಣ ಒಲ್ಲೆ ಎಂದದ್ದು ಯಾವತ್ತು?”